ಭಾವನ ರೆಸಲ್ಯೂಷನ್

ಯಾರ ಮನೆಗೆ ಹೋದರೂ ನಮ್ಮ ಭಾವ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅವರ ಕಂಪ್ಯೂಟರಿನ ಮುಖವನ್ನು. ಅದು ಸರಿಯಿದ್ದರೆ ಮನೆಯವರೂ ಸರಿ. ಇಲ್ಲವಾದರೆ ಕೊಟ್ಟ ಕಾಫಿ ಆರಿ ತಣ್ಣಗಾದರೂ ಅವರು ಕೂರುವವರಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮಲಯಾಳಂ ಬೆರೆತ ಮಾತಿನ, ಕಾಡಂಚಿನ ತೋಲ್ಪೆಟ್ಟಿಯಲ್ಲಿ ದಿನಸಿ ಅಂಗಡಿ, ಮನೆಯ ಹಿಂದೆ ಒಂದಿಷ್ಟು ಬಾಳೆ. ಡಬ್ಬದಂಥ ಹಳೆಯ ಮಾನಿಟರ್ ಕೆಟ್ಟು ಅಂಗಡಿಗೆ ಚಪ್ಪಟೆಯ ಹೊಸದು ಬರುವವರೆಗೆ ಅವರೂ ಎಲ್ಲರಂತೆಯೇ ಇದ್ದರು. ಜೋಡಿಸಲು ಬಂದವನು ಹೋಗುವಾಗ ಒಂದು ಮಾತು ಹೇಳಿದನಂತೆ: ಹಳೆಯದಕ್ಕೆ ಯಾವ ರೆಸಲ್ಯೂಷನ್, ಅಂದರೆ ಪರದೆಯ ಚುಕ್ಕಿಗಳ ಅಳತೆ, ಇಟ್ಟರೂ ಹೇಗೋ ನಡೆಯುತ್ತಿತ್ತು. ಚಪ್ಪಟೆ ಪರದೆಗೆ ಹುಟ್ಟಿನಿಂದ ಬಂದ ಅಳತೆ ಒಂದೇ. ಬೇರೆ ಇಟ್ಟರೆ ಅಕ್ಷರ ಮಬ್ಬಾಗುತ್ತದೆ, ಚಿತ್ರ ಹಿಗ್ಗುತ್ತದೆ. ಮಂತ್ರೋಪದೇಶ ಪಡೆದವರ ಹಾಗೆ ಭಾವ ಅಂದಿನಿಂದ ಬದಲಾಗಿಬಿಟ್ಟರು.

ಒಮ್ಮೆ ಬಾಳೆತೋಟಕ್ಕೆ ಆನೆ ನುಗ್ಗಿತು. ದೂರು ಹೇಳಲು ಭಾವ ಅರಣ್ಯ ಇಲಾಖೆಯ ಕಚೇರಿಗೆ ಹೋದರು. ಅಲ್ಲಿನ ಪರದೆಯ ಮೇಲೆ ಕಾಡಿನ ಕ್ಯಾಮೆರಾಕ್ಕೆ ಸಿಕ್ಕ ಪ್ರಾಣಿಯೊಂದರ ಚಿತ್ರವಿತ್ತು.

"ಇದೇನು ಸಾರೇ, ಹಂದಿಯಾ?"

"ಆನೆ, ಚೇಟ್ಟಾ. ಕಣ್ಣು ಕಾಣಲ್ವಾ?" ಎಂದ ಗಾರ್ಡ್.

"ನನಗೆ ಕಾಣ್ತದೆ. ನಿಮ್ಮ ಕಂಪ್ಯೂಟರಿಗೇ ಕಾಣ್ತಿಲ್ಲ. ಸ್ವಲ್ಪ ಸರೀರಿ."

ಗಾರ್ಡಿನ ಕುರ್ಚಿಯಲ್ಲಿ ಕುಳಿತು ಭಾವ ರೆಸಲ್ಯೂಷನ್ ಸರಿಮಾಡಿದರು. ಅಡ್ಡಕ್ಕೆ ಎಳೆದುಕೊಂಡಿದ್ದ ಮೈ ತನ್ನ ಗಾತ್ರಕ್ಕೆ ಬಂತು, ಗಿಡ್ಡಗಾಲು ನೀಳವಾಯಿತು, ಸೊಂಡಿಲಿನ ಸುಕ್ಕೂ ಎದ್ದು ಕಂಡಿತು. ಗಾರ್ಡ್ ಖುಷಿಯಿಂದ ಚಾಯ ತರಿಸಿದ. ಯುದ್ಧ ಗೆದ್ದವರಂತೆ ಮನೆಗೆ ಬಂದರೆ ಅಕ್ಕ ಕೇಳಿದಳು: "ದೂರು ಕೊಟ್ರಾ?"

ಭಾವ ಬಾಗಿಲಲ್ಲೇ ಹಣೆ ಚಚ್ಚಿಕೊಂಡರು. ಮರುದಿನ ಹೋಗಿ ಕೊಡುವಷ್ಟರಲ್ಲಿ ಉಳಿದ ಬಾಳೆಯನ್ನೂ ಆನೆ ಮುಗಿಸಿತ್ತು.

ಪನಮರದ ನನ್ನ ಮನೆಯನ್ನು ಬಿಟ್ಟಾರೆಯೇ? ಕಣ್ಣಿಗೆ ವಯಸ್ಸಾಯಿತಲ್ಲ, ಅಕ್ಷರ ದೊಡ್ಡದಾಗಿ ಕಾಣಲಿ ಎಂದು ನಾನು ರೆಸಲ್ಯೂಷನ್ ತಗ್ಗಿಸಿಟ್ಟುಕೊಂಡಿದ್ದೆ.

"ಇದು ಯಾರು ಮಾಡಿದ್ದು?" ಭಾವನ ದನಿ ಕಳ್ಳನನ್ನು ಹಿಡಿದವರ ಹಾಗಿತ್ತು.

"ನಾನೇ ಭಾವ. ಓದೋಕೆ ಕಾಣಲ್ಲ."

"ಕಣ್ಣು ಸರಿಯಿಲ್ಲ ಅಂತ ಪರದೆ ಕೆಡಿಸೋದಾ? ಅಳತೆ ಮುಟ್ಟಬಾರದು, ಕೇಟ್ಟಾ, ತಿಳೀತಾ? ಅಕ್ಷರ ಮಾತ್ರ ದೊಡ್ಡದು ಮಾಡ್ಬೇಕು. ಅದಕ್ಕೆ ಬೇರೆ ಜಾಗ ಇದೆ."

ಅವರು ಅಲ್ಲಿ ಇಲ್ಲಿ ಒತ್ತಿದ ಮೇಲೆ ಅಕ್ಷರಗಳು ಈಗಷ್ಟೇ ತೊಳೆದಿಟ್ಟಂತೆ ದೊಡ್ಡದಾಗಿ, ಸ್ಪಷ್ಟವಾಗಿ ಕಂಡವು. ನನಗೆ ಸಂತೋಷವೇ ಆಯಿತು. ಆದರೆ ಪಕ್ಕದ ಮನೆಯಲ್ಲೂ ಕಂಪ್ಯೂಟರ್ ಇದೆ ಎಂದು ಜೊತೆಗೆ ಬಂದಿದ್ದ ಅಕ್ಕ ಬಾಯಿಬಿಟ್ಟಳು. ಆ ಮನೆಯವರ ಪರಿಚಯ ಭಾವನಿಗೆ ಇರಲಿಲ್ಲ. ಅದೊಂದು ಅಡ್ಡಿಯೇ?

ಇಂಥವರ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಒಳಕೋಣೆಯಲ್ಲಿ ಭಾವನ ತಾಯಿ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಪರದೆ ತುಂಬ ಭಾವನ ತಂದೆಯ ಫೋಟೊ. ಅವರು ತೀರಿಕೊಂಡು ಇನ್ನೂ ವರ್ಷವಾಗಿರಲಿಲ್ಲ. ಕೊನೆಗಾಲದಲ್ಲಿ ಕಾಯಿಲೆಯಿಂದ ಮೂಳೆ ಚಕ್ಕಳವಾಗಿದ್ದರಲ್ಲ, ಆಗ ತೆಗೆದದ್ದು. ಆದರೆ ಇಲ್ಲಿ ಕೆನ್ನೆ ತುಂಬಿತ್ತು, ಭುಜ ಅಗಲವಾಗಿತ್ತು. ರೆಸಲ್ಯೂಷನ್ ತಪ್ಪಿತ್ತು, ಅದೂ ನನ್ನಂಥವಳಿಗೂ ತಿಳಿಯುವಷ್ಟು.

ಕೊನೆಗೂ ಭಾವ ಸಿಕ್ಕಿಬಿದ್ದರು ಎಂಬ ಖುಷಿಯಲ್ಲಿ ನಾನು ಮೌಸಿಗೆ ಕೈ ಚಾಚಿದೆ. ಹಿಂದಿನಿಂದ ಬಂದ ಭಾವ ಮೌಸನ್ನು ಮೆಲ್ಲಗೆ ಆಚೆ ಎಳೆದುಕೊಂಡರು.

"ಬೇಡ," ಎಂದರು, ನನಗೆ ಮಾತ್ರ ಕೇಳುವಷ್ಟು ಸಣ್ಣಗೆ.

ಅವರ ತಾಯಿ ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು: "ನೋಡು ಮೋನೇ, ಅಪ್ಪ ಈಗ ಮೈ ತುಂಬ್ಕೊಂಡಿದ್ದಾರೆ, ಅಲ್ವಾ?"

ಭಾವ ಕುರ್ಚಿ ಎಳೆದು ತಾಯಿಯ ಪಕ್ಕ ಕುಳಿತರು. ಹಿಗ್ಗಿದ ಆ ಮುಖವನ್ನೇ ನೋಡಿದರು.

"ಹೌದಮ್ಮ," ಎಂದರು. "ಈಗ ಚೆನ್ನಾಗಿ ಉಣ್ತಿದ್ದಾರೆ ಅಂತ ಕಾಣ್ತದೆ."