ಪೊನಿಮಾನ್ ನೋಡದ ಧಾರಾವಾಹಿ

ಎಲ್ಲದಕ್ಕೂ ಕಾರಣ ಒಂದು ಹಲ್ಲಿ. ಅದು ಪೊನಿಮಾನನ ಟೀವಿಯೊಳಗೆ ಬೆಚ್ಚಗೆ ಮಲಗಲು ಹೋಗಿ, ತಾನೂ ಸತ್ತು ಟೀವಿಯನ್ನೂ ಸಾಯಿಸಿತು. ಸೋಲೋ ಪಟ್ಟಣದ ಆ ಗಲ್ಲಿಯಲ್ಲಿ ಬೇರೆ ಯಾರ ಟೀವಿ ಕೆಟ್ಟಿದ್ದರೂ ಅದೊಂದು ಸುದ್ದಿಯಲ್ಲ. ಆದರೆ ಪೊನಿಮಾನ್ ಪ್ರತಿ ಶನಿವಾರ ಸಂಜೆ ಊರಿನ ಪುಟ್ಟ ರೇಡಿಯೋದಲ್ಲಿ 'ಈ ವಾರ ನಾನು ಕಂಡ ಟೀವಿ' ಎಂದು ಮಾತಾಡುವವನು. ಲೋಕದಲ್ಲಿ ಅವನಿಗಿದ್ದ ಹೆಸರು ಅದೊಂದೇ. ಅನ್ನದ ವ್ಯವಹಾರವನ್ನು ಹೆಂಡತಿ ಸುಲಾಸ್ಮಿ ಬೇಯಿಸಿದ ಸೊಪ್ಪಿಗೆ ಕಡಲೆಕಾಯಿ ಗೊಜ್ಜು ಸುರಿದ ಪೆಚೆಲ್ ಮಾರಿ ನೋಡಿಕೊಳ್ಳುತ್ತಿದ್ದಳು.

ರಿಪೇರಿಯವನು 'ನಾಳೆ, ನಾಳೆ' ಎನ್ನುತ್ತಲೇ ವಾರ ಕಳೆದ. ಟೀವಿ ಪಂಡಿತನಾದವನು ಪಕ್ಕದ ಮನೆಯ ಚಾಪೆಯ ಮೇಲೆ ಕೂತು ನೋಡುವುದೇ? ಮಾನ ಅಡ್ಡ ಬಂತು. ಶನಿವಾರ ಮಾತ್ರ ಯಾರ ಮಾನಕ್ಕೂ ಕಾಯದೆ ಬಂದುಬಿಟ್ಟಿತು. ಸಾಲದ್ದಕ್ಕೆ ರೇಡಿಯೋದ ಮೇಲ್ವಿಚಾರಕಿ ಬು ಹರ್ತಾತಿ ಹೋದ ವಾರವೇ ಎಚ್ಚರಿಸಿದ್ದಳು: "ಇನ್ನೊಂದ್ಸಲ ಸಪ್ಪೆಯಾದ್ರೆ ನಿಮ್ಮ ಹೊತ್ತನ್ನ ಸಿನಿಮಾ ಹಾಡಿಗೆ ಕೊಟ್ಟುಬಿಡ್ತೀನಿ, ಮಾಸ್." (ಆ ಊರಲ್ಲಿ ಅಣ್ಣನಂಥವರಿಗೆ ಮಾಸ್, ಅಮ್ಮನಂಥವರಿಗೆ ಬು, ಹಿರಿಯ ಗಂಡಸರಿಗೆ ಪಾಕ್ ಎನ್ನುವುದು ಮರ್ಯಾದೆ.)

ಪೊನಿಮಾನ್ ಒಂದು ಉಪಾಯ ಹೂಡಿದ. ಪ್ರೇಕ್ಷಕರ ಅಭಿಪ್ರಾಯ ಸಂಗ್ರಹ! ನೆಟ್ಟಗೆ ಮೂಲೆಯ ಚಹಾದಂಗಡಿಗೆ ನಡೆದ. ಅದನ್ನು ನಡೆಸುವವಳು ವಿಧವೆ ತುಮಿನಿ.

"ಬು, ಈ ವಾರ ಟೀವೀಲಿ ಏನು ನೋಡಿದ್ರಿ? ಮನಸ್ಸು ಬಿಚ್ಚಿ ಹೇಳಿ."

ತುಮಿನಿ ಚಹಾ ಕಲಕುವುದನ್ನು ನಿಲ್ಲಿಸಿ ಅವನನ್ನು ನಿಧಾನವಾಗಿ ನೋಡಿದಳು. ಆಮೇಲೆ ಮೆಲ್ಲಗೆ ನಕ್ಕಳು.

"ಒಂದು ಧಾರಾವಾಹಿ ಬರುತ್ತಲ್ಲ, ಮಾಸ್. ಅದರಲ್ಲೊಬ್ಬ ದೊಡ್ಡ ಮನುಷ್ಯ. ನೆರೆಯವಳ ಹತ್ರ ಒಂದು ದಿನಕ್ಕೆ ಅಂತ ಬಿದಿರೇಣಿ ಇಸ್ಕೊಂಡು ಹೋಗ್ತಾನೆ. ಲೆಬರಾನ್ ಹಬ್ಬ ಬಂತು, ಹೋಯ್ತು. ಏಣಿ ಮಾತ್ರ ಬರಲೇ ಇಲ್ಲ."

"ಛೆ! ಬಾಯಿಬಿಟ್ಟು ಕೇಳಬಾರದಾ ಅವಳು?"

"ಹೇಗೆ ಕೇಳ್ತಾಳೆ? ಮರ್ಯಾದಸ್ಥರ ಬೀದಿ."

"ಎಂಥ ನಾಚಿಕೆಗೆಟ್ಟ ಮನುಷ್ಯ!"

"ನಿಮ್ಮ ಬಾಯಲ್ಲೇ ಬಂತಲ್ಲ, ಬಿಡಿ," ಎಂದ ತುಮಿನಿ ಎಂದೂ ಇಲ್ಲದ ಧಾರಾಳದಿಂದ ಕರಿದ ಬಾಳೆಹಣ್ಣು ಕೊಟ್ಟಳು.

ಅಲ್ಲಿಂದ ಪೊನಿಮಾನ್ ಬೀದಿಯ ಮುಖ್ಯಸ್ಥ ಪಾಕ್ ದರ್ಸೋನೋನ ಮನೆಗೆ ಹೋದ. ದರ್ಸೋನೋ ಪಂಜರದ ಕಾಡುಪಾರಿವಾಳಕ್ಕೆ ಕಾಳು ಹಾಕುತ್ತಿದ್ದ.

"ನಾನೂ ಅದೇ ಧಾರಾವಾಹೀನೇ ನೋಡೋದು," ಎಂದ ದರ್ಸೋನೋ ಗಂಟಲು ಸರಿಮಾಡಿಕೊಂಡು. "ಭಾನುವಾರ ಬಂತಂದ್ರೆ ಬೀದಿಯೋರೆಲ್ಲ ಗುದ್ದಲಿ ಹಿಡಿದು ಚರಂಡಿ ಬಳೀತಾರೆ. ಆತ ಮಾತ್ರ ಮನೆಯೊಳಗೆ. 'ನನ್ನದು ತಲೆಕೆಲಸ' ಅಂತಾನೆ. ಕೊಚ್ಚೆ ನಿಂತಿರೋದು ಅವನ ಮನೆ ಮುಂದೇನೇ!"

"ಅಲ್ಲಿನ ಬೀದಿ ಮುಖ್ಯಸ್ಥ ಏನು ಮಾಡ್ತಿದ್ದಾನೆ?"

"ಪಾಪ, ಅವನು ಹಕ್ಕಿಗೆ ಕಾಳು ಹಾಕ್ತಿದ್ದಾನೆ."

"ಆ ಪಾತ್ರ ಸ್ವಲ್ಪ ದುರ್ಬಲವಾಯ್ತು," ಎಂದು ಪೊನಿಮಾನ್ ವಿಮರ್ಶೆ ಮಾಡಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿರುತ್ತಾರೆ. ನಮ್ಮ ಪೊನಿಮಾನ್ ಕುಂಬಳಕಾಯಿಯನ್ನು ಹೆಗಲ ಮೇಲಿಟ್ಟುಕೊಂಡೇ ಕಳ್ಳನನ್ನು ಹುಡುಕುವ ಜಾತಿ. ಆ ಸಂಜೆ ರೇಡಿಯೋದಲ್ಲಿ ಅವನು ಎಂದಿಗಿಂತ ಚೆನ್ನಾಗಿ ಮಾತಾಡಿದ. ಹಾಡಿಗೆ ಜಾಗ ಬಿಡಬೇಕಾದೀತೆಂಬ ಭಯವೇ ಅವನ ಗಂಟಲಿಗೆ ಕಸುವು ಕೊಟ್ಟಿತ್ತು.

"ಕೇಳುಗರೇ, ಈ ವಾರ ನಾನು ಕಂಡದ್ದು ಒಬ್ಬ ಸೋಮಾರಿಯನ್ನು! ಏಣಿ ನುಂಗಿದವನು, ಕೊಚ್ಚೆಯ ಪಕ್ಕದಲ್ಲೇ ಹಾಯಾಗಿ ಬಿದ್ದುಕೊಂಡವನು! ನೆರೆಯವರು ಯಾಕೆ ಸಂಕೋಚಪಡಬೇಕು? ಅವನ ಕೈಗೇ ಗುದ್ದಲಿ ಕೊಟ್ಟು ಇಡೀ ಚರಂಡಿ ಬಳಿಸಬೇಕು. ನಾಳೆಯಲ್ಲ, ಇವತ್ತೇ!"

ಮನೆಗೆ ಮರಳಿದಾಗ ಬಾಗಿಲಲ್ಲಿ ಇಡೀ ಬೀದಿ ನಿಂತಿತ್ತು. ತುಮಿನಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಏಣಿ ಆಗಲೇ ಅವಳ ಹೆಗಲೇರಿತ್ತು. ದರ್ಸೋನೋ ಮುಂದೆ ಬಂದು ಪೊನಿಮಾನನ ಎರಡೂ ಕೈ ಹಿಡಿದುಕೊಂಡ.

"ಕ್ಷಮಿಸಿಬಿಡಿ, ಮಾಸ್. ಇಷ್ಟು ದಿನ ಎಷ್ಟು ಸೂಚನೆ ಕೊಟ್ರೂ ನಿಮಗೆ ಅರ್ಥ ಆಗ್ತಿಲ್ಲ ಅಂದ್ಕೊಂಡಿದ್ವಿ. ಇವತ್ತು ನೀವೇ ಮನೆ ಮನೆಗೆ ಬಂದು ಕೇಳಿಸಿಕೊಂಡ್ರಿ. ಊರಿಗೆಲ್ಲ ಕೇಳೋ ಹಾಗೆ ತನ್ನ ತಪ್ಪು ತಾನೇ ಹೇಳ್ಕೊಳ್ಳೋಕೆ ಎಂಥ ಎದೆ ಬೇಕು!"

ಹೀಗೆಂದು ಗೌರವದಿಂದ ಒಂದು ಗುದ್ದಲಿ ಕೊಟ್ಟ.

"ಅಯ್ಯೋ, ಅದು ನಾನಲ್ಲ! ಧಾರಾವಾಹಿ..." ಎಂದು ಬಾಯಿ ತೆರೆದವನು ಅಲ್ಲೇ ತಡೆದುಕೊಂಡ. ಯಾವ ಧಾರಾವಾಹಿ ಎಂದು ಯಾರಾದರೂ ಕೇಳಿದರೆ? ವಾರವಿಡೀ ಟೀವಿಯನ್ನೇ ನೋಡದವನೆಂದು ಗೊತ್ತಾದರೆ ರೇಡಿಯೋ ಕೆಲಸ ಹೋದಂತೆಯೇ. ಪೊನಿಮಾನ್ ಲುಂಗಿಯಂಥ ಸರೋಂಗ್ ಮೇಲೆತ್ತಿ ಕಟ್ಟಿ ಚರಂಡಿಗಿಳಿದ. ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ನೋಡಿದವರು ಅದನ್ನು ಪಶ್ಚಾತ್ತಾಪವೆಂದುಕೊಂಡರು.

ಮೊಣಕಾಲುದ್ದ ಕೊಚ್ಚೆಯಲ್ಲಿದ್ದಾಗ ಬು ಹರ್ತಾತಿಯ ಸ್ಕೂಟರ್ ಬಂದು ನಿಂತಿತು.

"ಪಾಕ್ ದರ್ಸೋನೋ ಫೋನ್ ಮಾಡಿ ಎಲ್ಲಾ ಹೇಳಿದ್ರು, ಮಾಸ್! ಕೇಳಿ ನನಗೇ ಅಳು ಬಂತು. ನಿಮ್ಮ ಹೊತ್ತು ನಿಮಗೇ, ಯಾವ ಹಾಡಿಗೂ ಕೊಡಲ್ಲ."

ಪೊನಿಮಾನನಿಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಇನ್ಮೇಲೆ ಟೀವಿ ಮಾತು ಬೇಡ. ಅದನ್ನ ಎಲ್ಲಾರೂ ನೋಡೇ ಇರ್ತಾರೆ. ವಾರ ವಾರ ನಿಮ್ಮದೇ ಒಂದೊಂದು ತಪ್ಪು ಒಪ್ಕೊಳ್ಳಿ, ಸಾಕು."

"ವಾರ ವಾರ? ಅಷ್ಟೊಂದು ತಪ್ಪು ಎಲ್ಲಿಂದ ತರಲಿ, ಬು?"

ಸುಲಾಸ್ಮಿ ಪೆಚೆಲ್ ಬುಟ್ಟಿಯನ್ನು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಶಾಂತವಾಗಿ ಮುಂದೆ ಬಂದಳು.

"ಒಪ್ಕೊಂಡುಬಿಡಿ," ಎಂದಳು. "ಹೇಳಿಕೊಡೋಕೆ ನಾನಿದ್ದೀನಲ್ಲ."