ಹೋಗದ ಸಿಂಗಾಪುರ, ಬಾರದ ಮುಂಗಡ

ನಮ್ಮ ಹುಣಸೂರಿನ ಒಂದು ಶಾಲೆಯ ಹನ್ನೊಂದು ಮಕ್ಕಳು ದಸರಾ ರಜೆಗೆ ಸಿಂಗಾಪುರಕ್ಕೆ ಹೊರಟಿದ್ದರು. ಏನಾಗಿರಬಹುದು, ಊಹಿಸಿ ನೋಡೋಣ? ವಿಮಾನ ತಪ್ಪಿತು ಅಂತೀರಾ? ಇಲ್ಲ. ಪಾಸ್‌ಪೋರ್ಟ್ ಕಳೆಯಿತು? ಅದೂ ಅಲ್ಲ. ಯಾವುದೋ ಮಗು ಅಲ್ಲಿನ ಅಂಗಡಿ ಬೀದಿಯಲ್ಲಿ ತಪ್ಪಿಸಿಕೊಂಡಿತು? ಅಯ್ಯೋ, ತಪ್ಪಿಸಿಕೊಳ್ಳೋದಕ್ಕೆ ಮೊದಲು ಹೋಗಬೇಕಲ್ಲ ಸ್ವಾಮಿ! ಮಕ್ಕಳು ಹೋಗಲಿಲ್ಲ. ಹೋದದ್ದು ದುಡ್ಡು ಮಾತ್ರ.

ಇಂಥವೆಲ್ಲ ಹುಡುಕಿಕೊಂಡು ನನ್ನ ಹತ್ತಿರವೇ ಬರುತ್ತವೆ. ನಿವೃತ್ತನಾದವನ ಹಣೆಬರಹವೇ ಅದು. ಮನೆಯಲ್ಲಿ ಉಳಿದವರಿಗೆಲ್ಲ ಯಾವುದಕ್ಕೆ ಬಿಡುವಿಲ್ಲವೋ ಅದು ಅವನ ಕೆಲಸ. ಹನ್ನೊಂದು ಮಕ್ಕಳಲ್ಲಿ ನನ್ನ ಮೊಮ್ಮಗಳೂ ಒಬ್ಬಳು. ಮುಂಗಡದ ಇಪ್ಪತ್ತೈದು ಸಾವಿರ ನನ್ನ ಹೆಂಡತಿ ಚೀಟಿ ಎತ್ತಿ ಕೊಟ್ಟದ್ದು. "ಪೂರಾ ದುಡ್ಡು ತರೋವರೆಗೆ ಈ ಮನೇಲಿ ನಿಮ್ಮ ಭಾಷಣ ಬೇಡ" ಅಂತ ಅವಳು ಕಟ್ಟಪ್ಪಣೆ ಮಾಡಿದಳು. ಮಾತಿಲ್ಲದೆ ನಾನು ಬದುಕುವುದುಂಟೇ? ಹೊರಟೆ.

ಬೇಯುತ್ತಿರುವ ದುಡ್ಡು

ಮೂವತ್ತೈದು ಮಕ್ಕಳು ಸೇರಿದರೆ ಪ್ರವಾಸ ಅಂದಿದ್ದರಂತೆ. ಸೇರಿದ್ದು ಹನ್ನೊಂದು. ಇದನ್ನು ನಮಗೆ ತಿಳಿಸಿದ್ದು ಎಲ್ಲರಿಂದ ದುಡ್ಡು ಇಸಿದುಕೊಂಡ ಮೇಲೆ! ಅದೂ ಮೊಬೈಲ್ ಗುಂಪಿನಲ್ಲಿ ಒಂದು ಸಾಲು, ಕೊನೆಯಲ್ಲಿ ಕೈಮುಗಿದ ಚಿತ್ರ. ನಾವು ರೇಗಿ ಸಭೆ ಕರೆಸಿದೆವು.

ಮುಖ್ಯೋಪಾಧ್ಯಾಯಿನಿ ಬಹಳ ಶಾಂತ ಸ್ವಭಾವದವರು. "ಯಾರೂ ಗಾಬರಿಯಾಗಬೇಡಿ. ನಿಮ್ಮ ಹಣ ಎಲ್ಲೂ ಹೋಗಿಲ್ಲ" ಅಂದರು.

"ಹಾಗಾದರೆ ಎಲ್ಲಿದೆ ಮೇಡಂ?" ಅಂದೆ.

"ಪ್ರೋಸೆಸ್‌ನಲ್ಲಿದೆ ಸರ್. ಏಜೆಂಟರ ಹತ್ತಿರ."

ಹಿಂದಿನ ಬೆಂಚಿನಿಂದ ಒಬ್ಬರು ಎದ್ದರು. ಬೆಟ್ಟದಪುರದ ಗೌಡರು, ಹೊಗೆಸೊಪ್ಪು ಬೆಳೆದು ಬ್ಯಾರನ್ ಎಂಬ ಬಿಸಿ ಗೂಡಿನಲ್ಲಿ ಹದ ಮಾಡುವವರು. ಅವರ ಮಗನದೂ ಇಪ್ಪತ್ತೈದು ಸಾವಿರ ಸಿಕ್ಕಿಕೊಂಡಿತ್ತು. "ಮೇಡಮ್ಮೋರೇ, ನಮ್ಮ ಒಗೆಸೊಪ್ಪು ಬ್ಯಾರನ್ ಒಳಗೆ ಓದ್ರೆ ಐದಾರು ದಿನಕ್ಕೆ ಬೆಂದು ಈಚೆಗೆ ಬತ್ತದೆ. ನಿಮ್ದು ಒಳಗೋಗಿ ಮೂರು ತಿಂಗಳಾಯ್ತು. ಒಸಿ ಬಾಗಿಲು ತೆಗೆದು ನೋಡಿ. ಸುಟ್ಟು ಬೂದಿಯಾಗಿರ್ಬೇಕು!"

ಇಡೀ ಸಭೆಯ ಸಿಟ್ಟೇ ನಗೆಯಾಗಿ ಹೋಯಿತು. ಮೇಡಂ ಕೂಡ ನಕ್ಕರು. ನಕ್ಕು, "ಅರ್ಜಿ ಕೊಡಿ" ಅಂದರು.

ಸಮಂಜಸವಲ್ಲದ ಕಾರಣ

ಅರ್ಜಿ ಅಂದರೆ ನನಗೆ ಹೆದರಿಕೆಯೇ? ಮೂವತ್ನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. "ನಾಳೆ ಬನ್ನಿ" ಅಂತ ನಾನು ಕಳಿಸಿದವರನ್ನು ಸಾಲಾಗಿ ನಿಲ್ಲಿಸಿದರೆ ಸಾಲು ಪಿರಿಯಾಪಟ್ಟಣ ಮುಟ್ಟೀತು. ಅಂಥ ನಾನೇ ಶಾಲೆಯ ಫಾರಂ ನೋಡಿ ದಂಗಾದೆ. ಮಗುವಿನ ರಕ್ತದ ಗುಂಪು ಕೇಳಿದ್ದರು. ಹೋಗಲಿ, ಬರೆದೆ. ಏಳನೇ ಕಾಲಂ: "ಪ್ರವಾಸ ರದ್ದುಪಡಿಸಲು ಕಾರಣ."

"ಅಲ್ಲಮ್ಮಾ, ರದ್ದು ಮಾಡಿದ್ದು ನೀವು. ಕಾರಣ ನಾನು ಬರೆಯಬೇಕೇ?" ಅಂತ ಆಫೀಸಿನ ಹುಡುಗಿಯನ್ನು ಕೇಳಿದೆ.

"ಕಾಲಂ ಖಾಲಿ ಬಿಡೋ ಹಾಗಿಲ್ಲ ಸಾರ್. ಕಂಪ್ಯೂಟರ್ ತಗೊಳ್ಳಲ್ಲ."

ಮೈ ಉರಿಯಿತು. ಪೆನ್ನು ತೆಗೆದು ಆ ಕಾಲಮಿನಲ್ಲಿ ದಪ್ಪಕ್ಷರದಲ್ಲಿ "ನೀವೇ" ಎಂದು ಬರೆದೆ. ರುಜು ಹಾಕಿದೆ, ಸ್ವೀಕೃತಿ ಪಡೆದೆ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಎಂಟನೇ ದಿನಕ್ಕೆ ಅರ್ಜಿ ವಾಪಸು ಬಂತು. ಮೇಲೆ ಕೆಂಪು ಶಾಯಿಯ ಷರಾ: "ಅರ್ಜಿದಾರರು ಪ್ರವಾಸ ರದ್ದುಪಡಿಸಿರುವುದಕ್ಕೆ ನೀಡಿರುವ ಕಾರಣ ಸಮಂಜಸವಾಗಿಲ್ಲ."

ಎಷ್ಟೇ ಸಿಟ್ಟು ಬಂದರೂ ಒಂದು ಮಾತು ಒಪ್ಪಲೇಬೇಕು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಚೆನ್ನಾದ ಷರಾ ನಾನು ಬರೆದಿರಲಿಲ್ಲ.

ಅದಕ್ಕಿಂತ ಒಳ್ಳೆಯ ಹುಲಿ

ಏಜೆಂಟನ ಆಫೀಸು ಕೆ.ಆರ್. ನಗರದಲ್ಲಿ, ಒಂದು ಗೊಬ್ಬರದ ಅಂಗಡಿಯ ಮಹಡಿ ಮೇಲೆ. ಗೌಡರೂ ನಾನೂ ಬಸ್ಸು ಹತ್ತಿದೆವು. ಗೋಡೆ ತುಂಬ ಸಿಂಗಾಪುರ, ಕೆಳಗಿನಿಂದ ಯೂರಿಯಾ ವಾಸನೆ. ಏಜೆಂಟ್ ಮೂವತ್ತು ದಾಟದ ಯುವಕ. ನಮ್ಮನ್ನು ಕೂರಿಸಿ ಎಳನೀರು ತರಿಸಿಕೊಟ್ಟ. ದುಡ್ಡು ಕೊಡದವರ ಉಪಚಾರ ಯಾವಾಗಲೂ ಒಂದು ಕೈ ಹೆಚ್ಚು.

"ಸಾರ್, ಕ್ಯಾಶ್ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ. ಆದ್ರೆ ನಿಮಗೆ ಅನ್ಯಾಯ ಮಾಡಲ್ಲ. ಅದೇ ದುಡ್ಡಲ್ಲಿ ಬೇರೆ ಟೂರ್ ಕೊಡ್ತೀನಿ."

"ಎಲ್ಲಿಗಪ್ಪಾ?"

"ವೀರನಹೊಸಹಳ್ಳಿ! ಕಾಡಿನೊಳಗೆ ಸಫಾರಿ, ಎರಡು ದಿನ, ಊಟ ಸಮೇತ. ಸಿಂಗಾಪುರದ ಹುಲಿ ಬೇಲಿಯೊಳಗಿನದು ಸಾರ್. ಇದು ಒರಿಜಿನಲ್."

ಇಪ್ಪತ್ತೈದು ಸಾವಿರ ಕೊಟ್ಟು, ನಮ್ಮದೇ ತಾಲ್ಲೂಕಿನ ವೀರನಹೊಸಹಳ್ಳಿಗೆ! ಗೌಡರು ಎಳನೀರು ಮುಗಿಸಿ ಬುರುಡೆ ಕೆಳಗಿಟ್ಟರು.

"ಮಗಾ, ಆನೆ ನೋಡಕ್ಕೆ ನಾವು ಕಾಡಿಗೋಗಲ್ಲ ಕಣಪ್ಪ. ಆನೇನೇ ನಮ್ಮ ಬಾವನ ಜ್ವಾಳದ ಒಲಕ್ಕೆ ಬತ್ತದೆ. ಊಟ ಸಮೇತ ಟೂರು ಅಂದ್ರೆ ಅದರದ್ದು!"

ಏಜೆಂಟನೂ ಬಿದ್ದು ಬಿದ್ದು ನಕ್ಕ. ನಗುತ್ತಲೇ ಡ್ರಾಯರ್ ಎಳೆದ. ನೋಟಿನ ಕಟ್ಟು ಬರುತ್ತದೆ ಅಂದುಕೊಂಡೆ. ಬಂದದ್ದು ಲಗ್ನಪತ್ರಿಕೆ. "ನನ್ನ ತಂಗಿ ಮದುವೆ. ಹನ್ನೊಂದು ಮನೆಯವರೂ ಬರಲೇಬೇಕು. ಈ ಖರ್ಚೊಂದು ಮುಗೀಲಿ, ಆಮೇಲೆ ನಿಮ್ಮದು ನೋಡೋಣ."

ನೋಡಿದಿರಾ ಧಾರ್ಷ್ಟ್ಯ! ನನ್ನ ಮೊಮ್ಮಗಳ ಸಿಂಗಾಪುರ ಇವನ ತಂಗಿ ಮದುವೆಯಲ್ಲಿ ಒಬ್ಬಟ್ಟಾಗಿ ಎಲೆಗೆ ಬೀಳಲಿದೆ! ಬಸ್ಸಿನಲ್ಲಿ ಇದನ್ನೇ ಹೇಳಿ ಕುದಿಯುತ್ತಿದ್ದೆ. ಗೌಡರು ತಣ್ಣಗೆ, "ಕರೆದವ್ರಲ್ಲ ಯಜಮಾನ್ರೇ, ಓಗವಾ" ಅಂದರು.

ಮುಯ್ಯಿ

ನಮ್ಮ ಕಡೆಯ ಮದುವೆ ಕಂಡವರಿಗೆ ಮುಯ್ಯಿಯ ವಿಷಯ ಹೇಳಬೇಕಿಲ್ಲ. ಕಾಣದವರಿಗಾಗಿ ಹೇಳುತ್ತೇನೆ. ಊಟದ ಮನೆಯ ಬಾಗಿಲಲ್ಲಿ ಒಂದು ಮೇಜು. ಬಂದವರು ಕೊಟ್ಟ ಉಡುಗೊರೆ ದುಡ್ಡನ್ನು ಒಬ್ಬ ಹಿರಿಯರು ಪುಸ್ತಕದಲ್ಲಿ ಬರೆದುಕೊಂಡು ಮೈಕಿನಲ್ಲಿ ಕೂಗುತ್ತಾರೆ. ಅದು ಬರೀ ಉಡುಗೊರೆಯಲ್ಲ, ಋಣ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟನ್ನೂ, ಮೇಲಿಷ್ಟು ಸೇರಿಸಿ, ತೀರಿಸಬೇಕು. ಬ್ಯಾಂಕಿನ ಸಾಲಕ್ಕೆ ಬಗ್ಗದವರೂ ಮುಯ್ಯಿಗೆ ತಲೆಬಾಗುತ್ತಾರೆ.

ಹನ್ನೊಂದು ಮನೆಯವರೂ ಹೋದೆವು. ಹೊಟ್ಟೆ ತುಂಬ ಉಂಡೆವು. ಕೈತೊಳೆದು ಗೌಡರು ನೇರ ಆ ಮೇಜಿಗೆ ನಡೆದರು, ಹಿಂದೆ ನಾವು ಸಾಲಾಗಿ.

"ಬರಕಳಿ. ಬೆಟ್ಟದಪುರ. ಇಪ್ಪತ್ತೈದು ಸಾವಿರ."

ಬರೆಯುವ ಹಿರಿಯರು ಕನ್ನಡಕ ಮೇಲೆತ್ತಿದರು. "ದುಡ್ಡೆಲ್ಲಪ್ಪಾ?"

"ಮುಂಚೆನೇ ಉಡುಗಿ ಅಣ್ಣನ ಕೈಗೆ ಕೊಟ್ಟಿವ್ನಿ. ನೋಡಿ, ರಸೀತಿ."

ಮುಂಗಡ ಕಟ್ಟಿದಾಗ ಶಾಲೆಯ ಮೂಲಕ ಬಂದಿದ್ದ ಆ ರಸೀತಿಯ ಮೇಲೆ ಏಜೆಂಟನ ರುಜು, ಸೀಲು ಎಲ್ಲ ಇತ್ತು. ಮನೆಯ ಹುಡುಗನ ರುಜುವನ್ನು ಅನುಮಾನಿಸುವುದು ಹೇಗೆ? ಹಿರಿಯರು ಬರೆದುಕೊಂಡರು. ಮೈಕಿನಲ್ಲಿ ಕೂಗಿದರು: "ಬೆಟ್ಟದಪುರದ ಗೌಡರು, ಇಪ್ಪತ್ತೈದು ಸಾವಿರಾ!"

ಐನೂರು, ಸಾವಿರ ಕೇಳುತ್ತಿದ್ದ ಛತ್ರ ಕಿವಿ ನಿಮಿರಿಸಿತು. ಮುಂದಿನವನು ನಾನು. "ಹುಣಸೂರಿನ ಯಜಮಾನರು, ಇಪ್ಪತ್ತೈದು ಸಾವಿರಾ!" ಹೀಗೆ ಹನ್ನೊಂದು ಸಲ! ಏಳನೆಯದಕ್ಕೆ ವಾಲಗದವರು ಊದುವುದು ಬಿಟ್ಟು ತಿರುಗಿ ನೋಡಿದರು. ಗಂಡಿನ ತಂದೆ ಬೀಗರ ಭುಜ ತಟ್ಟಿ, "ಎಂಥಾ ಬಳಗ ಮಡಗಿದ್ದೀರಿ, ಒಂದು ಮಾತೂ ಹೇಳ್ನಿಲ್ವಲ್ಲ!" ಅಂದರು.

ಬೀಗರು ಅಂದರೆ ಏಜೆಂಟನ ತಂದೆ. ಭತ್ತದ ವ್ಯಾಪಾರದ ಹಳೇ ಕುಳ, ಬಿಳಿ ಪಂಚೆ, ಕಡ್ಡಿ ಮುರಿದಂಥ ಮಾತು. ನಮ್ಮ ಹತ್ತಿರ ಬಂದು ಕೈಮುಗಿದು, "ತಾವೆಲ್ಲ ಯಾರು ಅಂತ ಗೊತ್ತಾಗ್ನಿಲ್ಲ" ಅಂದರು. ನಾನು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು. ವೇದಿಕೆ ಮೇಲೆ ಕೋಟು ಹಾಕಿ ಫೋಟೋಗೆ ನಿಂತಿದ್ದ ಮಗನನ್ನು, "ಬಾರ್ಲಾ ಇಲ್ಲಿ!" ಅಂತ ಕರೆದರು.

"ಇವ್ರ ದುಡ್ಡು ಐತೇನ್ಲಾ ನಿನ್ತಾವ?"

"ಅಪ್ಪಾ, ಅದು ಪ್ರೋಸೆಸ್‌ನಲ್ಲಿ..."

"ಬಾಯ್ಮುಚ್ಚು. ಸಾವಿರ ಜನದ ಮುಂದೆ ಮುಯ್ಯಿ ಅಂತ ಕೂಗಾಗೈತೆ. ತೀರಿಸ್ದೆ ನಾನು ಮಾರ್ಕೆಟ್ಟಲ್ಲಿ ತಲೆ ಎತ್ತಕಾಯ್ತದಾ?" ಆಮೇಲೆ ನಮ್ಮ ಕಡೆ ತಿರುಗಿದರು. "ಯಜಮಾನ್ರೇ, ಮುಯ್ಯಿ ಅಂದ್ಮೇಲೆ ಅದಕ್ಕೊಂದು ಕ್ರಮ ಐತೆ. ಸುಮ್ನೆ ಕೈಗೆ ಕೊಡಕಾಗಲ್ಲ. ನಿಮ್ಮನೇಲಿ ಕಾರ್ಯ ಯಾವತ್ತು?"

"ನಾಳೆ!" ಅಂದರು ಗೌಡರು. "ನಾಳೆ!" ಅಂದೆವು ಉಳಿದ ಹತ್ತು ಜನ, ಒಂದೇ ಉಸಿರಿಗೆ.

"ಎಲ್ರ ಮನೇಲೂ ನಾಳೆನೇಯಾ? ಏನು ಕಾರ್ಯ?"

ಗೌಡರು ಕೊಳವೆಬಾವಿಯ ಮೋಟರಿಗೆ ಪೂಜೆ ಅಂದರು. ಇನ್ನೊಬ್ಬರು ಮಗನ ಕಿವಿ ಚುಚ್ಚಿಸುತ್ತೇವೆ ಅಂದರು, ಹುಡುಗ ಎಂಟನೇ ಕ್ಲಾಸು! ನನಗೆ ಏನೂ ಹೊಳೆಯದೆ, "ನನ್ನ ಅರವತ್ತರ ಶಾಂತಿ" ಅಂದುಬಿಟ್ಟೆ. ಏಜೆಂಟನ ತಂದೆ ನನ್ನ ತಲೆಯನ್ನೊಮ್ಮೆ ನೋಡಿದರು. "ಒಸಿ ತಡವಾಯ್ತು ಅನ್ಸುತ್ತೆ. ಇರ್ಲಿ, ಬತ್ತೀನಿ."

ಮರುದಿನ ಬಂದರು! ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಇಪ್ಪತ್ತೈದು ಸಾವಿರದ ಒಂದು ರೂಪಾಯಿ. ಕಾರ್ಯವಿಲ್ಲದ ಮನೆಗೆ ಮುಯ್ಯಿ ಬರಬಾರದು ಅಂತ ನನ್ನ ಹೆಂಡತಿ ಬೆಳಗ್ಗೆಯೇ ಎದ್ದು ಒಬ್ಬಟ್ಟು ತಟ್ಟಿ, ಎಪ್ಪತ್ತೊಂದು ತುಂಬಿದ ನನಗೆ ಬಲವಂತವಾಗಿ ಹಾರ ಹಾಕಿ ಕೂರಿಸಿದ್ದಳು. ಏಜೆಂಟನ ತಂದೆ ಅಕ್ಷತೆ ಹಾಕಿದರು, ಉಂಡರು, ಕೈಯೊರೆಸಿಕೊಂಡು ಎದ್ದರು.

"ಅಲ್ಲಿಗೆ ನಮ್ಮ ಮುಯ್ಯಿ ತೀರ್ತು. ಮೇಲಿನ ಒಂದು ರೂಪಾಯಿ ಮಾತ್ರ ಈಗ ನಿಮ್ಮ ಮೇಲೆ ಬಂತು. ಹನ್ನೊಂದು ಮನೆಗೂ ಹಿಂಗೇ ಹಾಕಿವ್ನಿ."

"ಈಗಲೇ ತಗೊಳ್ಳಿ ಸ್ವಾಮಿ, ಒಂದು ರೂಪಾಯಿ ತಾನೇ?" ಅಂತ ಜೇಬಿಗೆ ಕೈಹಾಕಿದೆ.

"ಉಂಟಾ! ಕ್ರಮ ಐತಲ್ಲ. ವೈಶಾಖಕ್ಕೆ ಚಿಕ್ಕ ಮಗಳ ಮದುವೆ ಮಡಗಿವ್ನಿ. ಬನ್ನಿ ಎಲ್ರೂ. ಬರಿ ಒಂದು ರೂಪಾಯಿ ಅಂತ ಮೈಕಲ್ಲಿ ಕೂಗ್ಸೋದು ನಿಮಗೂ ಚೆಂದಾಗಿರಲ್ಲ, ಒಸಿ ನೋಡ್ಕೊಂಡು ಹಾಕಿ!"

ಇದು ನಡೆದದ್ದು ಕಾರ್ತಿಕ ಮಾಸದ ಕಡೇ ಸೋಮವಾರ, ಮಧ್ಯಾಹ್ನ ಒಂದೂವರೆಗೆ.