ಅಂಜೂರ ಕುಕ್ಕುವ ಹಕ್ಕಿ

ದಾಕ್ಷಾಯಣಮ್ಮ: ಆ ಪುಸ್ತಕ ಹೊಸಲು ದಾಟಿದ್ರೆ ನಾನು ದೊಡ್ಡೇರಿಗೆ, ನಮ್ಮಪ್ಪನ ಮನೆಗೆ! ನಿಮ್ಮ ಊಟಾನೂ ಇವತ್ತು ಜಗಲಿಗೇ!

ಮಧುಗಿರಿಯ ನಿವೃತ್ತ ಮೇಷ್ಟರು, ಫ್ರೆಂಚ್ ಬಲ್ಲ ನಂದೀಶ್ವರಯ್ಯನವರು ಜಗಲಿಯಲ್ಲಿ ಪುಸ್ತಕ ತಬ್ಬಿಕೊಂಡು ಕುಳಿತಿದ್ದರು. ಬೆಂಗಳೂರಿನ ಇಂಗ್ಲಿಷ್ ಡಾಕ್ಟರ್ ದೊರೆಯೊಬ್ಬರು ಹಳೇ ಫ್ರೆಂಚ್ ಹಕ್ಕಿ ಪುಸ್ತಕ ಕಳಿಸಿ, ಹೆಸರುಗಳಿಗೆಲ್ಲ ಈಗಿನ ಇಂಗ್ಲಿಷ್ ಬರೆದುಕೊಟ್ಟರೆ ತಮ್ಮ ಗ್ರಂಥದಲ್ಲಿ ಮೇಷ್ಟರ ಹೆಸರನ್ನೂ ಅಚ್ಚು ಹಾಕಿಸುವುದಾಗಿ ಹೇಳಿದ್ದರು. ಒಂದೇ ಒಂದು ಹಕ್ಕಿ ಬಾಕಿ. ಸಂಜೆಯ ಮೋಟಾರು ಬಸ್ಸಿಗೆ ದೊರೆಯ ಜವಾನ ಪುಸ್ತಕ ಒಯ್ಯಲು ಬರುವವನಿದ್ದ. ಮೇಷ್ಟರಿಗೆ ಅಳುವೇ ಬರುವಂತಿತ್ತು.

ನಂದೀಶ್ವರಯ್ಯ: ಹಕ್ಕಿ ಪುಸ್ತಕ ಕಣೇ ಇದು!

ದಾಕ್ಷಾಯಣಮ್ಮ: ಹಕ್ಕಿ ಬೇಯ್ಸೋ ಪುಸ್ತಕ! ಲಿಂಗ ಕಟ್ಕೊಂಡೋರು ಓದೋದಾ?

ನಂದೀಶ್ವರಯ್ಯ: ಆ ಕಾಲದ ಫ್ರೆಂಚ್ನೋರು ಬರೆದಿರೋದೇ ಹಂಗೆ. ಅರ್ಧ ರೆಕ್ಕೆಪುಕ್ಕ, ಅರ್ಧ ಒಲೆ. ಒಲೆ ಬಂದ ಕೂಡ್ಲೆ ನಾನು ಹಾಳೆ ಮಗುಚಿಬಿಡ್ತೀನಿ.

ದಾಕ್ಷಾಯಣಮ್ಮ: ಮತ್ತೆ ಇದೊಂದ್ಯಾಕೆ ಸಿಗ್ತಿಲ್ಲ?

ನಂದೀಶ್ವರಯ್ಯ: ಇದಕ್ಕೆ ಬರೀ ಒಲೇನೇ! ಹೆಸರು ‘ಅಂಜೂರ ಕುಕ್ಕೋದು’ ಅಂತ. ಬಣ್ಣ ಗೊತ್ತಾಗಿದ್ರೆ ಹಿಡೀಬಹುದಿತ್ತು.

ದಾಕ್ಷಾಯಣಮ್ಮ: ಓದಿ ಮತ್ತೆ. ಹೆಸರು ಅಚ್ಚಾಗೋದು ಬ್ಯಾಡ್ವಾ? ಪಾಪ ಎಷ್ಟೈತೆ ಅಂತ ನಾನೂ ಕೇಳ್ತೀನಿ.

ಮೇಷ್ಟರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, ಒಂದು ಕಣ್ಣು ಮುಚ್ಚಿ ಶುರು ಮಾಡಿದರು.

ನಂದೀಶ್ವರಯ್ಯ: ಬೆಳ್ಳುಳ್ಳಿ, ಮೆಣಸು ಜಜ್ಜಿ... ಬೆಣ್ಣೆ ಸವರಿ... ಎಲೇಲಿ ಸುತ್ತಿ ಕೆಂಡದ ಮೇಲೆ...

ದಾಕ್ಷಾಯಣಮ್ಮ: ಥೂ ಥೂ! ಬೆಣ್ಣೆ ಎಷ್ಟು?

ನಂದೀಶ್ವರಯ್ಯ: ಏನಂದೆ?

ದಾಕ್ಷಾಯಣಮ್ಮ: ಏನಿಲ್ಲ, ಮುಂದಕ್ಕೆ ಓದಿ!

ನಂದೀಶ್ವರಯ್ಯ: ‘ಕಿತ್ತ ಕಪ್ಪುಬಿಳಿ ಪುಕ್ಕ ಎಸೆಯಬೇಡಿ, ದಿಂಬಿಗಾಗುತ್ತದೆ’... ಕಪ್ಪುಬಿಳಿ! ಸಿಕ್ಕಿಬಿಡ್ತು ಕಣೇ! ಪೈಡ್ ಫ್ಲೈಕ್ಯಾಚರ್!

ದಾಕ್ಷಾಯಣಮ್ಮ: ಅಂದ್ರೆ?

ನಂದೀಶ್ವರಯ್ಯ: ಕಪ್ಪುಬಿಳಿ ನೊಣಹಿಡುಕ.

ದಾಕ್ಷಾಯಣಮ್ಮ: ಅಯ್ಯೋ ಶಿವನೇ! ಅಲ್ಲಿ ಅಂಜೂರ ತಿನ್ಕೊಂಡಿದ್ದದ್ದನ್ನ ಇಂಗ್ಲಿಷ್ನೋರು ನೊಣ ಹಿಡಿಯೋಕೆ ಇಟ್ಕೊಂಬುಟ್ರಾ?

ಕೆಲಸ ಮುಗಿಯಿತೆಂದು ಮೇಷ್ಟರ ತಟ್ಟೆ ಒಳಗೇ ಬಿತ್ತು. ಬಾಳೆಎಲೆಯಲ್ಲಿ ಸುತ್ತಿ ಸುಟ್ಟ ಬದನೆಕಾಯಿ ಬಾಯಿಗಿಟ್ಟವರು ಹಾಗೇ ಕಣ್ಣು ಮುಚ್ಚಿ ಚಪ್ಪರಿಸಿದರು.

ನಂದೀಶ್ವರಯ್ಯ: ಎಂಥಾ ರುಚಿ! ನಿಮ್ಮಮ್ಮ ಹೇಳ್ಕೊಟ್ಟಿದ್ದಾ?

ದಾಕ್ಷಾಯಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಮೇಷ್ಟರಿಗೆ ಬೆಳ್ಳುಳ್ಳಿ, ಬೆಣ್ಣೆ, ಕೆಂಡ ಎಲ್ಲವೂ ಒಟ್ಟಿಗೆ ನೆನಪಾದವು; ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

ದಾಕ್ಷಾಯಣಮ್ಮ: ಹೆದರ್ಬ್ಯಾಡಿ, ಹಕ್ಕಿ ಹಾರಿಸ್ಬುಟ್ಟೆ, ಬದ್ನೆಕಾಯಿ ಇಟ್ಟೆ. ಆ ಜವಾನಂಗೆ ಮುಂದಿನ ವಾರ ಬಾ ಅನ್ನಿ. ಹಿತ್ತಲಲ್ಲಿ ಹೀರೇಕಾಯಿ ಬಿಟ್ಟೈತೆ, ನೀವು ಮಗುಚಿದ ಹಾಳೆಗಳೆಲ್ಲಾ ಇನ್ನೂ ಓದೋದೈತೆ!